ಕೋಳಿಮರಿಯ ಕಾಳುಚೀಲ ವಿಮೋಚನ

ಎಲೈ ರಸಿಕರೇ, ತುಸು ಹತ್ತಿರ ಸರಿದು ಕುಳಿತುಕೊಳ್ಳಿ. ಚತುಸ್ಸಾಗರಪರಿವೃತವಾದ ಈ ಭೂಮಂಡಲದಲ್ಲಿ, ಮಳವಳ್ಳಿ ಸೀಮೆಯ ಹುರುಳಿಕೊಪ್ಪಲೆಂಬ ಊರಿನಲ್ಲಿ, ಒಂದೇ ಅಂಗಳಕ್ಕೆ ಎರಡು ಬಾಗಿಲು ತೆರೆದ ಮನೆಯಲ್ಲಿ, ಗ್ಯಾಸಿನ ಒಲೆ ಬಂದಿದ್ದರೂ ಸೌದೆಯ ಒಲೆ ಆರದಿದ್ದ ಪುಣ್ಯಯುಗದಲ್ಲಿ, ಹರಿದ್ರಾವರ್ಣರೋಮಾವೃತನೂ ಮುಷ್ಟಿಮಾತ್ರಶರೀರನೂ ಆದ ಕುಕ್ಕುಟಕುಮಾರನೊಬ್ಬನಿದ್ದನು. ಕುಕ್ಕುಟಕುಮಾರನೆಂದರೆ ಕೋಳಿಮರಿ. ಅದರ ಕೀರ್ತಿಯನ್ನು ಹಾಡಲು ವಾಗ್ದೇವಿಯನ್ನು ಕರೆದೆ. ಕೋಳಿಗೂಡಿನ ವಾಸನೆಗೆ ಹಿಂಜರಿದಳೋ ಏನೋ, ಬರುವಂತೆ ಕಾಣಲಿಲ್ಲ. ಆದ್ದರಿಂದ ನಾನೇ ಶುರು ಮಾಡುತ್ತೇನೆ.

ಆ ಅಂಗಳದ ಮೂಡಲ ಬಾಗಿಲಿಗೆ ಒಡತಿ ಹಿರಿಯ ಸೊಸೆ, ಸಮ್ಮಾರ್ಜನೀಹಸ್ತೆ, ಗರ್ಜನಮಾತ್ರಶ್ವಾನವಿದ್ರಾವಿಣಿ ಹೊಂಬಾಳಮ್ಮ. ಪಡುವಲ ಬಾಗಿಲಿಗೆ ಒಡತಿ ಕಿರಿಯ ಸೊಸೆ, ರಾಗಿಮುದ್ದೆಗೋಲನಿರ್ಮಾಣಧುರಂಧರೆ ಕೆಂಪಾಜಮ್ಮ. ಕೆಂಪಾಜಮ್ಮನ ಮೊಟ್ಟೆಗಳ ಮೇಲೆ ಹೊಂಬಾಳಮ್ಮನ ಹೇಟೆಕೋಳಿ ಕಾವಿಗೆ ಕೂತಿತ್ತು. ಮೊಟ್ಟೆ ಒಬ್ಬರದು, ಕಾವು ಇನ್ನೊಬ್ಬರದು ಆದರೆ ಮರಿಗಳು ಸಮಪಾಲು ಎಂಬುದು ಆ ಸೀಮೆಯ ಧರ್ಮ. ಅದರಂತೆ ನಿನಗೊಂದು ನನಗೊಂದು ಎಂದು ನಗುನಗುತ್ತಾ ಹಂಚಿಕೊಂಡರು. ಕೊನೆಗೆ ಜೋಡಿಯಿಲ್ಲದೆ ಒಂದು ಮರಿ ಉಳಿಯಿತು. ನಗು ಅಲ್ಲಿಗೆ ನಿಂತಿತು.

ಆಗ ಕೆಂಪಾಜಮ್ಮನು ಬಲಗೈಯ ಸೌಟನ್ನು ಗಗನಕ್ಕೆತ್ತಿ, ದಿಕ್ಕುಗಳೆಲ್ಲ ಕಿವಿ ಮುಚ್ಚಿಕೊಳ್ಳುವಂತೆ ವೀರಾಲಾಪಗೈದಳು:

"ಮೊಟ್ಟೆ ಇಲ್ದೆ ನಿನ್ ಕೋಳಿ ಕಲ್ ಮ್ಯಾಲೆ ಕೂತಿದ್ರೆ ಮರಿ ಬತ್ತಿತ್ತಾ ಅಕ್ಕ?"

ಹೊಂಬಾಳಮ್ಮನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪ್ರತ್ಯಸ್ತ್ರವನ್ನು ಬಿಟ್ಟಳು: "ಕಾವಿಲ್ದಿದ್ರೆ ನಿನ್ ಮೊಟ್ಟೆ ಸಾರಿಗ್ ಬೀಳ್ತಿತ್ತು ಕಣೆ."

ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಅತ್ತೆ ಪುಟ್ಟನಂಜಮ್ಮ, ಉಭಯಪಕ್ಷಗಳಿಂದಲೂ ಬೇಸತ್ತು, ತೀರ್ಪು ಕೊಟ್ಟಳು: "ಮರಿಗೆ ಒಸಿ ರೆಕ್ಕೆಗರಿ ಬರ್ಲಿ. ಆಮ್ಯಾಕೆ ಅದಾಗೇ ಯಾರ್ ಜಗಲಿ ಹತ್ತುತದೋ ಅವ್ರದು. ಅಲ್ಲೀಗಂಟ ನನ್ ತಲೆ ತಿನ್ಬ್ಯಾಡಿ."

ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ರಾಜನೀತಿ ಸುಮ್ಮನಿರುತ್ತದೆಯೇ? ಮರಿಯನ್ನು ತನ್ನ ಜಗಲಿಗೆ ಒಲಿಸಿಕೊಳ್ಳಲು ಕೆಂಪಾಜಮ್ಮ ಯಾರಿಗೂ ಕಾಣದಂತೆ ಮುದ್ದೆಯ ಚೂರು ತಿನ್ನಿಸಿದಳು. ಹೊಂಬಾಳಮ್ಮ ಗಟ್ಟಿ ಅವಲಕ್ಕಿ ತಿನ್ನಿಸಿದಳು. ಕೋಳಿ ಸಾಕುವವರು ಸಂಜೆ ಮರಿಯ ಕೊರಳ ಬುಡವನ್ನು ಮುಟ್ಟಿ, ಕಾಳುಚೀಲ ತುಂಬಿದೆಯೇ ಎಂದು ನೋಡುವುದು ವಾಡಿಕೆ. ತುಂಬಿದ್ದರೆ ಸಮಾಧಾನ. ಇಲ್ಲಿ ಮಾತ್ರ ಕೆಂಪಾಜಮ್ಮ ಮುಟ್ಟಿ ನೋಡಿ, ಅಕ್ಕನ ಮೇವು ಒಳಗೆ ಸೇರಿಬಿಟ್ಟಿದೆ ಎಂದು ಕುದಿದು ತನ್ನದೂ ಇರಲಿ ಎಂದು ತುರುಕುವಳು. ಹೊಂಬಾಳಮ್ಮನೂ ಮುಟ್ಟಿ ನೋಡಿ ಹಾಗೆಯೇ ಮಾಡುವಳು. ಪಾಪದ ಮರಿ ಇಬ್ಬರನ್ನೂ ನಂಬಿತು. ಬಾಯಿ ತೆರೆಯುವುದೊಂದೇ ಅದಕ್ಕೆ ಗೊತ್ತಿದ್ದ ವಿದ್ಯೆ.

ಒಂದು ಬೆಳಗ್ಗೆ, ರಾತ್ರಿ ಮರಿಗಳನ್ನು ಮುಚ್ಚಿಟ್ಟಿದ್ದ ಬುಟ್ಟಿ ಎತ್ತಿದಾಗ ಉಳಿದ ಮರಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ನಮ್ಮ ಕುಮಾರ ಕಣ್ಣು ಮುಚ್ಚಿ ನಿಂತಿದ್ದ. ಕೊರಳ ಬುಡ ಗೋಲಿಯಂತೆ ಉಬ್ಬಿ ಗಟ್ಟಿಯಾಗಿತ್ತು. ನೀರು ಕುಡಿದಂತೆಲ್ಲ ಒಳಗಿನ ಅವಲಕ್ಕಿ ಊದಿ, ಮುದ್ದೆ ಅದಕ್ಕೆ ಅಂಟಿ, ಎರಡೂ ಸೇರಿ ಕೆಳಗಿಳಿಯುವ ದಾರಿಯನ್ನೇ ಕಟ್ಟಿಬಿಟ್ಟಿದ್ದವು. ಮೊದಲು ನೋಡಿದವಳು ಕೆಂಪಾಜಮ್ಮ.

"ಅಕ್ಕ, ಒಸಿ ಬಾ ಇಲ್ಲಿ," ಎಂದಳು.

ಜಗಳವಾದ ಮೇಲೆ ಅವಳು ಅಕ್ಕ ಎಂದು ಕರೆದದ್ದು ಅದೇ ಮೊದಲು. ಹೊಂಬಾಳಮ್ಮ ಪೊರಕೆಯನ್ನು ಅಲ್ಲೇ ಬಿಟ್ಟು ಬಂದಳು. ಮುಟ್ಟಿದಳು. "ಏನ್ ತಿನ್ಸಿದ್ದೆ?"

"ಮುದ್ದೆ. ನೀನು?"

"ಅವಲಕ್ಕಿ."

ಈ ಕವಿಗೆ ಇಲ್ಲಿ ಸಮಾಸ ಹೊಳೆಯುತ್ತಿಲ್ಲ.

ಕೆಂಪಾಜಮ್ಮನು ಸಾಹಸಪ್ರಿಯೆಯಾದ್ದರಿಂದ ಮರಿಯನ್ನು ತಲೆಕೆಳಗು ಮಾಡಿ ಹಿಂಡಿಬಿಡಲು ಮುಂದಾದಳು. ಪುಟ್ಟನಂಜಮ್ಮ ಕುಟ್ಟಾಣಿ ಕೆಳಗಿಟ್ಟಳು. "ಹಂಗ್ ಮಾಡಿದ್ರೆ ಉಸ್ರು ಕಟ್ಟಿ ಸತ್ತೋಯ್ತದೆ. ನೆಟ್ಟಗೆ ಇಡ್ಕೊ. ಬೆಚ್ಚಗಿನ್ ನೀರು ಒಂದೊಂದೇ ತೊಟ್ಟು ಬುಡು, ಬತ್ತಿ ಅದ್ದಿ ಒಂಚೂರ್ ಎಣ್ಣೆ. ಆಮ್ಯಾಕೆ ಮೆಲ್ಲಗೆ ತೀಡು. ಇಳಿಯಗಂಟ ಒಂದ್ ಕಾಳೂ ಕೊಡ್ಬ್ಯಾಡಿ."

ಅನಂತರ ನಡೆದದ್ದೇ ಮಹಾಸಮರ. ಹೊಂಬಾಳಮ್ಮನು ಕುಮಾರನನ್ನು ವಾಮಕರಪಲ್ಲವದಲ್ಲಿ ಧರಿಸಿದಳು. ಕೆಂಪಾಜಮ್ಮನು ತೈಲಸಿಕ್ತವರ್ತಿಕಾಯುಧವನ್ನು ಹಿಡಿದು ಚಂಚುದ್ವಾರದಲ್ಲಿ ಬಿಂದುವೊಂದನ್ನು ಪ್ರಯೋಗಿಸಿದಳು. ಮನೆಯ ಹಿಟ್ಟನ್ನೆಲ್ಲ ನಾದಿದ ಅವಳ ಹೆಬ್ಬೆರಳು, ಆ ಪಿಷ್ಟಚಿಪಿಟಕಸಂಯುಕ್ತದುರ್ಗದ, ಎಂದರೆ ಮುದ್ದೆ ಅವಲಕ್ಕಿಯ ಕೋಟೆಯ, ಗೋಡೆಯನ್ನು ಹೂ ಮುಟ್ಟಿದಷ್ಟು ಮೆತ್ತಗೆ ತೀಡಿತು. ದುರ್ಗ ಅಲುಗಲಿಲ್ಲ. ಮತ್ತೆ ನೀರು, ಮತ್ತೆ ತೀಡುವುದು. ಒಲೆಯ ಮೇಲೆ ಸಾರು ಉಕ್ಕಿ ಬೆಂಕಿ ಆರಿತು. ಯಾರೂ ಏಳಲಿಲ್ಲ. ಮರಿ ಒಮ್ಮೆ ಕತ್ತು ಚಾಚಿ ಬಾಯಿ ತೆರೆದಾಗ ಹೊಂಬಾಳಮ್ಮ ಅದನ್ನು ಮುಖದ ಹತ್ತಿರಕ್ಕೆ ತಂದು ನೋಡಿದಳು.

"ಇದ್ ಉಳೀತದಾ ಕೆಂಪಾಜಿ?"

"ಸುಮ್ಕಿರಕ್ಕ. ಹಂಗ್ ಅನ್ಬ್ಯಾಡ." ಬತ್ತಿಯನ್ನು ಮತ್ತೆ ಎಣ್ಣೆಗೆ ಅದ್ದುತ್ತಾ ಅವಳೇ ಮುಂದುವರಿಸಿದಳು: "ನಾನು ಅದ್ಕೆ ಹಸಿವು ಅಂತ ತಿನ್ಸ್ಲಿಲ್ಲ ಕಣಕ್ಕ. ನಿನ್ನ ಸೋಲ್ಸಕ್ಕೆ ತಿನ್ಸ್ದೆ."

"ನಾನೇನ್ ಪುಣ್ಯಕ್ಕೆ ತಿನ್ಸಿದ್ನಾ?" ಎಂದಳು ಹೊಂಬಾಳಮ್ಮ. ಅವಳ ಕಣ್ಣು ತೇವವಾಗಿತ್ತು. ಹೊಗೆಯಿಂದ ಎಂದು ಹೇಳೋಣವೆಂದರೆ ಒಲೆ ಆಗಲೇ ಆರಿತ್ತು.

ಮಧ್ಯಾಹ್ನ ಕಳೆಯಿತು. ಇಬ್ಬರೂ ಒಂದೇ ಜಗಲಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಕೆಂಪಾಜಮ್ಮನ ಬೆರಳಿಗೆ ಗೋಲಿ ತುಸು ಮೆತ್ತಗಾದಂತೆ ಅನ್ನಿಸಿತು. ನಂಬಿಕೆಯಾಗದೆ ಅಕ್ಕನ ಬೆರಳನ್ನೂ ಅಲ್ಲಿಡಿಸಿದಳು. ಹೌದು, ಕಡುಬಿನ ಹಿಟ್ಟಿನಷ್ಟು ಮೆತ್ತಗಾಗಿತ್ತು. ಹೊತ್ತು ಇಳಿಯುತ್ತಿದ್ದಂತೆ ಉಬ್ಬು ಕುಗ್ಗಿತು. ಕುಮಾರ ಕಣ್ಣು ತೆರೆದು, ಕಾಲು ಜಾಡಿಸಿ, ಸಣ್ಣಗೆ ಚಿಂವ್ ಎಂದ.

ಆಗ, ರಸಿಕರೇ, ದಿಕ್ಪಾಲಕರು ಉಸಿರು ಬಿಗಿಹಿಡಿದು ನೋಡುತ್ತಿರಲು, ಕುಕ್ಕುಟಕುಮಾರನು ಪುಚ್ಛವನ್ನೆತ್ತಿ, ಸರ್ವಾಂಗವನ್ನೂ ಕಂಪಿಸಿ, ಹೊಂಬಾಳಮ್ಮನ ಅಂಗೈಯಲ್ಲಿ, ಒಂದು ಹಿಕ್ಕೆ ಹಾಕಿದನು.

ಇಬ್ಬರೂ ಬಗ್ಗಿ ಅದನ್ನು ನೋಡಿದರು. ಅದರಲ್ಲಿ ಅವಲಕ್ಕಿ ಯಾವುದು ಮುದ್ದೆ ಯಾವುದು ಎಂದು ಹೇಳುವಂತಿರಲಿಲ್ಲ.

"ನೀನೇ ಇಟ್ಕೊ ಅಕ್ಕ," ಎಂದಳು ಕೆಂಪಾಜಮ್ಮ.

"ಏನ, ಹಿಕ್ಕೆನಾ ಮರೀನಾ?"

ಕೆಂಪಾಜಮ್ಮನಿಗೆ ನಗು ತಡೆಯಲಾಗಲಿಲ್ಲ. "ಮರಿ ಕಣಕ್ಕ. ಅದ್ರ ತಾಯಿ ಇರೋದು ನಿನ್ ಬುಟ್ಟೀಲಿ. ನನ್ ತಾವ ಬುಟ್ರೆ ನಾನು ತಿರ್ಗಾ ತಿನ್ಸ್‌ಬುಡ್ತೀನಿ."

"ನಾನ್ ಮಾತ್ರ ಸುಮ್ಕಿರ್ತೀನಾ? ಇಡಿ ಅದ, ಅತ್ತೆ ಕೈಗ್ ಕೊಡು."

ಪುಟ್ಟನಂಜಮ್ಮನಿಗೆ ಹಲ್ಲಿಲ್ಲದ ಬಾಯಿತುಂಬ ಎಲೆಅಡಿಕೆ ಇದ್ದುದರಿಂದ ಬೇಡವೆನ್ನಲಾಗಲಿಲ್ಲ. ಮರಿ ಅವಳ ಮಡಿಲಿಗೆ ಬಿತ್ತು. ಹೀಗೆ ಎರಡು ಮಹಾಸಾಮ್ರಾಜ್ಯಗಳ ಕಲಹವು ಶಮನಗೊಂಡು, ಅಂಗಳದ ಧರ್ಮವು ಪುನಃ ಪ್ರತಿಷ್ಠಾಪಿತವಾಗಿ, ಲೋಕಕ್ಕೆಲ್ಲ ಕ್ಷೇಮವುಂಟಾಯಿತು. ಕೆಂಪಾಜಮ್ಮ ಒಲೆ ಹಚ್ಚಲು ಒಳಗೆ ಹೋದಳು. ಹೊಂಬಾಳಮ್ಮ ಕೈ ತೊಳೆಯಲು ಬಚ್ಚಲಿಗೆ ಹೋದಳು.