ಆರು ಗಂಟೆಯ ನೀರು

ನಾನು ನವಲಗುಂದ ಕಡೆಯ ಒಂದು ಪಂಚಾಯಿತಿಯಲ್ಲಿ ಪಿಡಿಒ. ಊರಿಗೆ ಏನಾದರೂ ಒಳ್ಳೆಯದು ಮಾಡಲು ಹೋದಾಗಲೆಲ್ಲ ನನ್ನ ಗತಿ ಹೀಗೇ ಆಗುತ್ತದೆ: ಊರು ಆರಾಮಾಗಿರುತ್ತದೆ, ನಾನೇ ಸಮಸ್ಯೆಯಾಗಿರುತ್ತೇನೆ.

ಈ ಸಲದ್ದು ನಳದ ನೀರು. ಬಿಡಲು ಹೊತ್ತುಗೊತ್ತು ಇರಲಿಲ್ಲ. ಹತ್ತಿ ಬಿಡಿಸಲು ಹೋಗುವ ಹೆಂಗಸೊಬ್ಬಳು ಆಫೀಸಿಗೇ ಬಂದು ನಿಂತಳು. "ಸಾಹೇಬ್ರ, ನೀರಿನ ದಾರಿ ಕಾಯ್ಕೋಂತ ಕುಂತರ ಹೊಲಕ್ಕ ಹೋಗೂ ಏಳರ ಟಂಟಂ ಗಾಡಿ ಹೋಗೇ ಬಿಡತೈತ್ರಿ. ಇನ್ನೊಮ್ಮೆ ತಪ್ಪಿದ್ರ ಬ್ಯಾರೇದಾಕಿನ್ನ ಕರಕೊಂಡು ಹೊಕ್ಕಾರ." ನನಗೆ ನಾಚಿಕೆಯಾಯಿತು.

೧. ಚಿತ್ರ

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಅವಸರದಲ್ಲಿ ಪರಿಹಾರ ಹೇಳಬೇಡಿ, ಮೊದಲು ಎಲ್ಲರನ್ನೂ ಕೂಡಿಸಿ ಪರಿಸ್ಥಿತಿಯ ಚಿತ್ರ ಬರೆಸಿ. ದೊಡ್ಡ ಹಾಳೆ ಹಾಸಿದೆ. ಮನೆಯೆಂದು ನಾನು ಹಾಕಿದ ಚೌಕ ನೋಡಿ ಸದಸ್ಯರೊಬ್ಬರು ಮುಖ ಗಂಟಿಕ್ಕಿದರು. "ನಂದು ಎರಡು ಅಂತಸ್ತಿನ ಮನಿ ಐತ್ರಿ." ಅಂತಸ್ತು ಏರಿಸಿದೆ. ಬಾಜು ಮನೆಯವರು ತಮ್ಮ ಟ್ರ್ಯಾಕ್ಟರ್ ಬರೆಸಿದರು. ಇನ್ನೊಬ್ಬರು ಎಮ್ಮೆ ತೆಳ್ಳಗಾಯಿತೆಂದು ಅಳಿಸಿ ದಪ್ಪ ಮಾಡಿಸಿದರು. ಸಂಜೆಗೆ ಚಿತ್ರ ಮುಗಿಯಿತು. ನಳ ಹಾಕಲು ಜಾಗ ಉಳಿದಿರಲಿಲ್ಲ.

೨. ಅವರವರ ನೋಟ

ಒಂದೇ ವಿಷಯ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತದೆ, ಕೇಳಿ ತಿಳಿದುಕೊಳ್ಳಿ ಎಂದೂ ಹೇಳಿದ್ದರು. ಕೇಳಿದೆ.

ಚಹಾದಂಗಡಿಯವ ಹೇಳಿದ, "ಮಂದಿ ನೀರಿಗೆ ಕಾಯ್ತಾರಂತನ ನನ್ನ ಚಾ ಖಾಲಿ ಆಗತೈತ್ರಿ."

ನೀರು ಬಿಡುವವ ಹೇಳಿದ, "ಟೈಮ್ ಗೊತ್ತಾದ್ರ ಆಮ್ಯಾಲೆ ನನ್ನ ಯಾರು ಮಾತಾಡಸ್ತಾರ್ರಿ?"

ಕಟ್ಟೆಯ ಮೇಲಿನ ಅಜ್ಜಿ ಹೇಳಿದಳು, "ನೀರಿನ ಪಾಳಿಗೆ ನಿಂತಾಗನ ತಮ್ಮಾ, ಊರ ಸುದ್ದಿ ಗೊತ್ತಾಗೂದು. ಇದ್ದಂಗ ಇರಲಿ ಬಿಡು."

ಇಡೀ ಊರಿನಲ್ಲಿ ಸಮಸ್ಯೆ ಇದ್ದದ್ದು ಆ ಹೆಂಗಸಿಗೆ ಮತ್ತು ನನಗೆ. ಮೂರನೇ ಸಭೆಗೆ ಎಲ್ಲರಿಗೂ ಸಾಕಾಗಿ, ಒಂದು ವಾರ ಬೆಳಿಗ್ಗೆ ಆರಕ್ಕೆ ಬಿಟ್ಟು ನೋಡೋಣವೆಂದು ಒಪ್ಪಿದರು.

೩. ಮೊದಲ ದಿನ

ಆರಕ್ಕೆ ಸರಿಯಾಗಿ ನೀರು ಬಂತು. ಆರೂ ಹತ್ತಕ್ಕೆ ನಿಂತಿತು. ನೀರು ಬಿಡುವವನನ್ನು ಹಿಡಿದು ಕೇಳಿದೆ, "ಯಾಕಪಾ ಬಂದ್ ಮಾಡಿದಿ?"

"ಕಂಪ್ಲೇಂಟ್ ಬಂದೂರಿ."

"ಏನಂತ?"

"ನೀರು ಬಂದಾವು ಅಂತ. ಹೇಳಿದ ಟೈಮಿಗೆ ಬಂದಾವು ಅಂದ್ರ ಎಲ್ಲೋ ಪೈಪ್ ಒಡದೈತಿ, ಲಗೂ ಬಂದ್ ಮಾಡು ಅಂತ ಊರಾಗಿನವ್ರೆಲ್ಲ ಫೋನ್ ಹಚ್ಚಿದ್ರು."

ಹತ್ತಿ ಬಿಡಿಸುವ ಆ ಹೆಂಗಸಿಗೆ ನೀರು ಸಿಕ್ಕಿತೋ ಇಲ್ಲವೋ ಎಂದು ಟಂಟಂ ನಿಲ್ಲುವಲ್ಲಿಗೆ ಓಡಿದೆ. ಆ ಹೆಂಗಸು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದಳು. ಕೊಡಗಳೆಲ್ಲ ತುಂಬಿದ್ದವಂತೆ. ನನಗೆ ಕಣ್ಣು ತುಂಬಿ ಬಂತು. "ಇಡೀ ಊರಾಗ ನೀ ಒಬ್ಬಾಕಿನ ನೋಡವಾ, ನನ್ನ ನಂಬಿದಾಕಿ," ಎಂದೆ.

"ನಾನೂ ಫೋನ್ ಹಚ್ಚಾಕ ಹೋಗಿದ್ನಿರಿ ಸಾಹೇಬ್ರ," ಎಂದಳು. "ಕರೆನ್ಸಿ ಖಾಲಿ ಆಗಿತ್ತು."