ಬಸ್ಸಿನಲ್ಲಿ ಬರುವ ಕಾರು ಡೀಲರ್

ಕಾರು ಮಾರಲು ಒಪ್ಪದ ಕಾರು ವ್ಯಾಪಾರಿಯನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಅಮೆರಿಕದ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ. ಮೈಸೂರಿನಿಂದ ಬಂದು, ದೊಡ್ಡ ಕಂಪನಿಯೊಂದರ ಡೀಲರ್‌ಶಿಪ್ ಹಿಡಿದು ಮೂವತ್ತು ವರ್ಷವಾಯಿತು. ಗಿರಾಕಿ ಬಾಗಿಲು ತಳ್ಳಿ ಒಳಗೆ ಬಂದರೆ ಬೇರೆ ಡೀಲರ್‌ಗಳು ಕಾಫಿ ಕೊಡುತ್ತಾರೆ. ನಮ್ಮ ಮಾವ, ಆ ಕಾರನ್ನು ಯಾಕೆ ಕೊಳ್ಳಬಾರದೆಂದು ತಿಳಿಹೇಳುತ್ತಾರೆ!

ಅವರಿಗೆ ರೀಕಾಲ್ ಹುಚ್ಚು. ದೋಷ ಕಂಡ ಕಾರುಗಳನ್ನು ಕಂಪನಿಯೇ ವಾಪಸು ಕರೆದು ಪುಕ್ಕಟೆ ಸರಿಮಾಡಿಕೊಡಬೇಕಲ್ಲ, ಆ ರೀಕಾಲ್. ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನಕ್ಕೆ ಹೋದರೆ ನಾವು ಗಣಪತಿಗೆ ಕೈಮುಗಿಯುತ್ತೇವೆ. ಮಾವ ಬೀದಿಯಲ್ಲಿ ನಿಂತ ಕಾರುಗಳಿಗೆಲ್ಲ ಬಗ್ಗಿ ಬಗ್ಗಿ, ಗಾಜಿನ ಮೂಲೆಯಲ್ಲಿರುವ ಹದಿನೇಳು ಅಕ್ಷರದ ನಂಬರು ಬರೆದುಕೊಂಡು ಫೋನಿನಲ್ಲಿ ಹುಡುಕುತ್ತಾರೆ. ಒಮ್ಮೆ ಯಾರೋ ಪೊಲೀಸರನ್ನೇ ಕರೆದರು. ಮಾವ ಅಂಜಲಿಲ್ಲ, ಪೊಲೀಸ್ ಕಾರಿನ ನಂಬರನ್ನೂ ಬರೆದುಕೊಂಡರು. ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗ ಎಲ್ಲರೂ ಮಾವನ ಅಭಿಪ್ರಾಯಕ್ಕೆ ಕಾದರು. "ಹುಡುಗ ಒಳ್ಳೆಯವನು. ಕಾರಿನ ಬ್ರೇಕ್ ರೀಕಾಲ್ ಒಂದು ಪೆಂಡಿಂಗ್ ಇದೆ," ಎಂದರು.

ಇಂಥವರು ಈ ವರ್ಷ ಶೋರೂಮಿಗೆ ಬಸ್ಸಿನಲ್ಲಿ ಬರತೊಡಗಿದರು.

"ನಿಮ್ಮ ಕಾರ್ ಏನಾಯ್ತು ಮಾವ?"

"ಮನೆ ಗ್ಯಾರೇಜಲ್ಲಿ ರೆಸ್ಟ್ ತಗೋತಿದೆ."

"ಇಲ್ಲಿ ಇಷ್ಟೊಂದು ಕಾರ್ ನಿಂತಿವೆಯಲ್ಲ, ಒಂದನ್ನ ಓಡಿಸಬಾರದಾ?"

"ಇವು ಗಿರಾಕಿಗಳದು ಕಣೇ. ನಾನು ಓಡಿಸಿ ಹಳೇದು ಮಾಡಿ ಕೊಡ್ಲಾ?"

ವಯಸ್ಸಾಯಿತು, ಜಿಪುಣತನ ಹತ್ತಿದೆ ಎಂದು ನಾವೆಲ್ಲ ನಕ್ಕೆವು.

ನನ್ನ ನಗು ನಿಂತದ್ದು ಮಗಳಿಗೆ ಕಾರು ಬೇಕಾದಾಗ. ಅವಳಿಗೆ ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು, ಸೋಮವಾರ ಸೇರಬೇಕು. ಕಾರಿಲ್ಲದೆ ಅಲ್ಲಿಗೆ ಹೋಗುವುದು ಹೇಗೆ? ಮಾವನ ಅಂಗಳದಲ್ಲಿ ಚೆಂದದ ನೀಲಿ ಕಾರೊಂದಿತ್ತು, ಸೆಕೆಂಡ್ ಹ್ಯಾಂಡ್. ಕೇಳಿದರೆ, "ಅದರ ಏರ್‌ಬ್ಯಾಗ್‌ಗೆ ರೀಕಾಲ್ ಇದೆ. ಪಾರ್ಟ್ ಬರಲಿ," ಎಂದರು. ಹೊಸ ಕಾರಾದರೆ ರಿಪೇರಿಯಾಗದೆ ಮಾರಬಾರದೆಂದು ಕಾನೂನೇ ಇದೆ. ಹಳೆಯ ಕಾರಿಗೆ ಅಷ್ಟು ಬಿಗಿಯಿಲ್ಲ. ಅದನ್ನು ಹೇಳಿದ್ದಕ್ಕೆ ಮಾವ ಕೆರಳಿದರು. "ಕಾನೂನು ಬಿಟ್ಟರೆ ನಾನೂ ಬಿಡಬೇಕಾ? ತಪ್ಪು ಮಾಡಿದ್ದು ಕಂಪನಿ, ಕಾರ್ ಕೊಳೀತಿರೋದು ನನ್ನ ಅಂಗಳದಲ್ಲಿ. ಡೀಲರ್ ನಷ್ಟಾನ ಅವರೂ ಹೊರಲಿ ಅಂತ ಶುಕ್ರವಾರ ರಾಜಧಾನಿ ಟ್ರೆಂಟನ್‌ಗೆ ಹೋಗಿ ಶಾಸಕರ ಮುಂದೆ ಹೇಳ್ತೀನಿ."

ಶುಕ್ರವಾರ! ಪಂಚಾಂಗ ನೋಡಿದೆ, ದಿನ ಬಹಳ ಚೆನ್ನಾಗಿತ್ತು. ಇನ್ನು ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಾವ ರೈಲು ಹತ್ತಿದ ಮೇಲೆ ಶೋರೂಮಿಗೆ ಹೋಗಿ, ಮಂಗಳೂರಿನವರಾದ ಸರ್ವಿಸ್ ಮ್ಯಾನೇಜರ್‌ಗೆ, "ಮಾವ ಒಪ್ಪಿದ್ದಾರೆ, ಪೂಜೆ ಮಾಡಿಸಿಕೊಂಡು ಬಂದುಬಿಡ್ತೀವಿ," ಎಂದು ಸುಳ್ಳು ಹೇಳಿದೆ. ದೇವರ ಹೆಸರು ಬಂದದ್ದಕ್ಕೆ ಆ ಪುಣ್ಯಾತ್ಮ, ಮಾರಾಟವಾಗದ ಕಾರಿಗೆ ಹಾಕುವ ಡೀಲರ್ ನಂಬರ್ ಪ್ಲೇಟ್ ಸಿಕ್ಕಿಸಿ ಕೀ ಕೊಟ್ಟರು. ವಾಹನಪೂಜೆಗೆ ಹೋಗುವ ವಾಹನಕ್ಕೆ ಏನಾದೀತು ಎಂಬುದು ನನ್ನ ಲೆಕ್ಕ. ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರನ ಸನ್ನಿಧಿಯಲ್ಲಿ ಕುಂಕುಮ ಹಚ್ಚಿ, ನಿಂಬೆಹಣ್ಣು ತುಳಿಸಿ, ಮಗಳನ್ನೇ ಸ್ಟೀರಿಂಗ್ ಮುಂದೆ ಕೂರಿಸಿ ಹೊರಟೆ.

287 ಹೆದ್ದಾರಿ ಸೇರಿ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಮಾವ ವಾಪಸು ಬಂದು ಖಾಲಿ ಜಾಗ ನೋಡಿದ್ದರು.

"ಯಾರು ಓಡಿಸ್ತಿರೋದು?"

"ಮಗಳು."

ಬೈಯುತ್ತಾರೆಂದು ಫೋನನ್ನು ಕಿವಿಯಿಂದ ದೂರ ಹಿಡಿದೆ. ಅವರು ಬೈಯಲಿಲ್ಲ. "ಸ್ಪೀಕರ್‌ಗೆ ಹಾಕು," ಎಂದರು, ಬಹಳ ಮೆತ್ತಗೆ. "ಪುಟ್ಟಿ, ಬಲಗಡೆ ಲೇನ್‌ಗೆ ಬಾ. ಮುಂದಿನ ಗಾಡಿಯಿಂದ ದೂರ ಇರು. ಯಾರಿಗೂ ತಾಗಬಾರದು, ಅಷ್ಟೇ."

"ತಾತ, ವಾಟ್ ಹ್ಯಾಪನ್ಸ್ ಇಫ್ ಐ ಹಿಟ್ ಸಮ್‌ಥಿಂಗ್?"

"ತಾಗಲ್ಲ. ನೀನು ರಸ್ತೆ ನೋಡು," ಎಂದರು ಮಾವ. ಉತ್ತರ ನನಗೆ ಗೊತ್ತಿತ್ತು. ಅವರು ಎಷ್ಟೋ ಸಲ ಹೇಳಿದ್ದರು, ನಾನು ನಕ್ಕಿದ್ದೆ. ಆ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಲೋಹದ ಚೂರುಗಳು ಮುಖಕ್ಕೆ ಹಾರುತ್ತವೆ. ಮಗಳ ಮುಖ ನೋಡಿದೆ. ಅರ್ಚಕರು ಇಟ್ಟ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ಲಾರಿಯೊಂದು ಪಕ್ಕಕ್ಕೆ ಒತ್ತಿಕೊಂಡು ಬಂತು. ಮುಂದಿನ ಕಾರಿನ ಕೆಂಪು ದೀಪ ಹತ್ತಿತು. ನಾನು ಉಸಿರು ಬಿಟ್ಟದ್ದು ಪಿಸ್ಕಾಟವೇ ಎಕ್ಸಿಟ್‌ನಲ್ಲಿ ಇಳಿದು, ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಕಾರು ನಿಂತ ಮೇಲೆ. ಅಲ್ಲಿಯವರೆಗೂ ಮಾವ ಫೋನ್ ಇಡಲಿಲ್ಲ.

ನಮ್ಮ ಕಾರು ಡೀಲರ್, ಕಾರು ಎಳೆದೊಯ್ಯುವ ಟೋ ಟ್ರಕ್ಕಿನಿಂದ ಇಳಿದು ಬಂದರು. ಮಗಳ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದರು. ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆಮೇಲೆ ಮೂರು ವಾರ ನಾನೇ ಮಗಳನ್ನು ಕೆಲಸಕ್ಕೆ ಬಿಟ್ಟು ಬಂದೆ, ಮಾವ ಆಗಲೂ ಆಡಲಿಲ್ಲ.

ನಾಲ್ಕನೆಯ ವಾರ, ಕಾರು ತಯಾರಿದೆ ಎಂದು ಶೋರೂಮಿನಿಂದ ಕರೆ ಬಂತು. ಮಗಳನ್ನು ಕರೆದುಕೊಂಡು ಹೋದೆ. ಕೀ ಕೊಡುತ್ತಾ ಸರ್ವಿಸ್ ಮ್ಯಾನೇಜರ್, "ಬಂದದ್ದು ಒಂದೇ ಪಾರ್ಟ್ ಮಾರಾಯ್ರೆ," ಎಂದರು. "ನಿಮ್ಮ ಮಾವನ ಸ್ವಂತ ಕಾರಿಗೆ ಬಂದದ್ದು. ಅವರದ್ದೂ ಇದೇ ಮಾಡೆಲ್ ಅಲ್ವಾ? ಆರು ತಿಂಗಳು ಕಾದಿದ್ದಾರೆ. ನಿನ್ನೆ ಬಂತು, ಇದಕ್ಕೆ ಹಾಕಿ ಅಂದ್ರು."

ಬಸ್ಸಿನ ಗುಟ್ಟು ಆಗ ತಿಳಿಯಿತು. ನಾವು ನಕ್ಕದ್ದೆಲ್ಲ ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ. ಹೊರಗೆ ಹೋದರೆ ಮಾವ ಮಂಡಿಯೂರಿ, ನೀಲಿ ಕಾರಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು.

"ಪೂಜೆ ಆಗಿದೆಯಲ್ಲ ಮಾವ," ಎಂದೆ ಸಣ್ಣ ದನಿಯಲ್ಲಿ.

"ಅದು ಹಳೇ ಏರ್‌ಬ್ಯಾಗಿಗೆ ಆಗಿದ್ದು ಕಣೇ. ಹೊಸದಕ್ಕೆ ಬೇಡ್ವಾ?"

ಎದ್ದು ಮಂಡಿ ಕೊಡವಿಕೊಂಡು, ಚೀಲ ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ನಡೆದರು. ಮಗಳು ನನ್ನನ್ನು ಹಿಂದೆ ಕೂರಿಸಿಕೊಂಡು, ನಿಂಬೆಹಣ್ಣು ತುಳಿಸಿ, ಕಾರನ್ನು ಅವರ ಪಕ್ಕಕ್ಕೇ ತಂದು ನಿಲ್ಲಿಸಿದಳು. "ತಾತ, ಗೆಟ್ ಇನ್. ಐ ವಿಲ್ ಪಿಕ್ ಯು ಅಪ್ ಎವ್ರಿ ಮಾರ್ನಿಂಗ್."

ಮಾವ ಫೋನ್ ತೆಗೆದು, ಗಾಜಿನ ಮೂಲೆಗೆ ಬಗ್ಗಿ, ಆ ಹದಿನೇಳು ಅಕ್ಷರಗಳನ್ನು ಮತ್ತೊಮ್ಮೆ ಪರೀಕ್ಷಿಸಿದರು. ಆಮೇಲೆ ಅವಳ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಹಿಂದಿನ ಸೀಟಿನಲ್ಲಿ ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ.