ಗೋಡೆ ಕಡೆ ತಿರುಗಿದ ಡೈನೋಸಾರ್

ನಾನು: ಪ್ಲಾಸ್ಟಿಕ್‌ಗೆ ಹಸಿವಾಗುತ್ತೇನ್ರೀ?

ಇದು ಬುಧವಾರ ಬೆಳಿಗ್ಗೆ ನಾನು ಕೇಳಿದ್ದು. ಗುರುವಾರ ಕೇಳೋಕೆ ನಮ್ಮ ಯಜಮಾನರೇ ಇರಲಿಲ್ಲ. ಹಾಗಾಗಿ ಬುಧವಾರದ್ದು ಬರೀತೀನಿ.

ನಮ್ಮದು ಆಟದ ಸಾಮಾನಿನ ಅಂಗಡಿ. ಯಜಮಾನರು ದಿನಾ ಕೆಳಗಿನ ಶೆಲ್ಫಿನಲ್ಲಿ ಡೈನೋಸಾರ್ ಜೋಡಿಸೋರು. ಸೊಪ್ಪು ತಿನ್ನೋವು ಈ ಕಡೆ, ಮಾಂಸ ತಿನ್ನೋವು ಆ ಕಡೆ. ದೊಡ್ಡ ಹಲ್ಲಿರೋದನ್ನ ಮಾತ್ರ ಗೋಡೆ ಕಡೆ ಮುಖ ಮಾಡಿ ಇಡೋರು.

ಯಜಮಾನರು: ಹಸಿವಿನ ಮಾತಲ್ಲ ಕಣೇ. ಡಬ್ಬದ ಮೇಲೆ ಹಾಗೆ ಬರೆದಿದೆ.

ನಾನು: ಗೋಡೆ ನೋಡಬೇಕು ಅಂತಲೂ ಬರೆದಿದೆಯಾ?

ಯಜಮಾನರು: ಅದು ನಂದು. ಮಕ್ಕಳ ಕಣ್ಣು ಅದೇ ಎತ್ತರಕ್ಕಿರುತ್ತೆ. ಒಳಗೆ ಬಂದ ಕೂಡಲೇ ಹಲ್ಲು ಕಂಡರೆ ಅಳ್ತವೆ.

ನಾನು: ಬೆನ್ನು ನೋಡಿ ಯಾರು ತಗೋತಾರೆ? ನೀವು ಬೆನ್ನು ತೋರಿಸಿದ್ದರೆ ನಾನು ಮದುವೆ ಆಗ್ತಿದ್ನಾ?

ಯಜಮಾನರು: ಮುಖ ನೋಡಿ ಒಪ್ಪಿದ್ಯಲ್ಲ, ಅದೇ ನಂಗಿನ್ನೂ ಆಶ್ಚರ್ಯ.

ಅಷ್ಟರಲ್ಲಿ ಒಬ್ಬ ತಾಯಿ ಮಗಳ ಕೈ ಹಿಡಿದು ಬಂದಳು. ಮಗುವಿಗೆ ಮೂರೂವರೆ ವರ್ಷ. ನಮ್ಮಲ್ಲೇ ಕೊಂಡ ಹನ್ನೆರಡು ಡೈನೋಸಾರ್‌ಗಳ ಡಬ್ಬವನ್ನು ಎದೆಗೆ ಅವುಚಿಕೊಂಡಿತ್ತು.

ತಾಯಿ: ಅಂಕಲ್, ಇದು ಕೆಟ್ಟಿದೆ. ವಾಪಸ್ ತಗೊಳ್ಳಿ.

ಯಜಮಾನರು: ಬಾಲ ಮುರೀತಾ?

ತಾಯಿ: ಬಾಲ ಚೆನ್ನಾಗಿದೆ. ಬುದ್ಧಿ ಬೆಳೆಸುತ್ತೆ ಅಂತ ಬರೆದಿದ್ದೀರಿ. ಹದಿನೈದು ದಿನದಿಂದ ಇವಳು ಇದರಲ್ಲಿ ಬರೀ ಆಟ ಆಡ್ತಿದ್ದಾಳೆ!

ನಾನು: ಅಯ್ಯೋ! ಬೇರೆ ಏನೂ ತೊಂದರೆ ಇಲ್ಲ ತಾನೇ?

ತಾಯಿ: ತಮಾಷೆ ಅಲ್ಲ ಆಂಟಿ. ಸೋಮವಾರ ನರ್ಸರಿ ಇಂಟರ್ವ್ಯೂ. ಪಕ್ಕದ ಮನೆ ಮಗು ಹನ್ನೆರಡೂ ಹೆಸರು ಒಂದೇ ಉಸಿರಿಗೆ ಹೇಳುತ್ತೆ. ಇವಳ ಬಾಯಲ್ಲಿ ಒಂದೂ ಇಲ್ಲ. ಇದನ್ನ ಇಟ್ಕೊಂಡು ಹೆಸರು ಕಲಿಸೋ ಕಾರ್ಡು ಕೊಡಿ.

ಮಗು ಡಬ್ಬವನ್ನು ಇನ್ನೂ ಬಿಗಿಯಾಗಿ ಹಿಡ್ಕೊಂಡಿತು. ಯಜಮಾನರು ಮಂಡಿ ಹಿಡ್ಕೊಂಡು ನೆಲದ ಮೇಲೆ ಕೂತರು. ಡಬ್ಬ ತೆರೆದರು.

ಯಜಮಾನರು: ಈ ಉದ್ದ ಕುತ್ತಿಗೆದು ಯಾರು ಪುಟ್ಟಾ?

ಮಗು: ತಾತ. ಬಗ್ಗೋಕೆ ಬರಲ್ಲ.

ಯಜಮಾನರು: ಕೊಂಬಿಂದು?

ಮಗು: ಅಪ್ಪ. ಫೋನ್ ನೋಡ್ಕೊಂಡು ಬಾಗಿಲಿಗೆ ಗುದ್ಕೋತಾನೆ.

ನಾನು: ಈ ಹಲ್ಲಿಂದು?

ಮಗು ಅಮ್ಮನ ಕಡೆ ನೋಡಿತು.

ತಾಯಿ: ಹೇಳು, ಹೆಸರು ಹೇಳು!

ಮಗು: ಅಮ್ಮ. ಹೀಗೇ ಕಿರುಚುತ್ತೆ.

ತಾಯಿ ಮುಖ ಕೆಂಪಾಯಿತು. ನಾನು ಕೆಮ್ಮಿದೆ.

ಯಜಮಾನರು: ನೋಡಮ್ಮ, ಹನ್ನೆರಡೂ ಹೆಸರು ಬರುತ್ತೆ. ಎಲ್ಲಾ ನಿಮ್ಮ ಮನೆಯವರದ್ದು, ಅಷ್ಟೇ.

ತಾಯಿ: ಇಂಟರ್ವ್ಯೂನಲ್ಲೂ ಇದನ್ನೇ ಹೇಳಿದ್ರೆ?

ಯಜಮಾನರು: ಮೇಡಂಗೂ ಒಂದು ಡೈನೋಸಾರ್ ಸಿಗುತ್ತೆ ಬಿಡಮ್ಮ.

ಮಗು ಹಲ್ಲಿಂದನ್ನ ಮೆಲ್ಲಗೆ ಗೋಡೆ ಕಡೆ ತಿರುಗಿಸಿತು.

ಮಗು: ಅಮ್ಮ ಸ್ವಲ್ಪ ಹೊತ್ತು ಆ ಕಡೆ ನೋಡಲಿ.

ತಾಯಿ ನಗಬಾರದು ಅಂತ ತಡೆದಳು, ಆಗಲಿಲ್ಲ. ಕಾರ್ಡು ಕೇಳಲಿಲ್ಲ. ಡಬ್ಬ ಮಗುವಿನ ಕೈಗೇ ಕೊಟ್ಟು ಕರ್ಕೊಂಡು ಹೋದಳು.

ಯಜಮಾನರು: ಕಂಡ್ಯಾ? ಬುದ್ಧಿ ಇರೋರೆಲ್ಲ ಗೋಡೆ ಕಡೆನೇ ತಿರುಗಿಸೋದು.

ನಾನು: ಹೌದ್ರೀ. ಇಬ್ಬರಿಗೂ ಒಂದೇ ವಯಸ್ಸು.

ಮಾರನೇ ದಿನ ಬೆಳಿಗ್ಗೆ ಟೀ ಹಿಡ್ಕೊಂಡು ಕರೆದೆ. ಏಳಲಿಲ್ಲ.

ಈಗ ಅಂಗಡಿ ನಾನೇ ತೆಗೀತೀನಿ. ಈ ಡೈನೋಸಾರ್ ಯಾಕಮ್ಮ ಬೆನ್ನು ತೋರಿಸ್ತಿದೆ, ಅಂತ ಬಂದೋರು ಕೇಳ್ತಾರೆ. ಮುಖ ನೋಡಿ ಒಪ್ಪೋರು ಕಮ್ಮಿ ಅಂತೀನಿ.

ಸೊಪ್ಪಿನವು ಈ ಕಡೆ, ಮಾಂಸದವು ಆ ಕಡೆ. ದಿನಾ ಬೆಳಿಗ್ಗೆ ಹಲ್ಲಿಂದನ್ನ ಒರೆಸಿ, ಗೋಡೆ ಕಡೆ ತಿರುಗಿಸಿ ಇಡ್ತೀನಿ.